ಹಲಗೆಯ ಮೇಲೆ ನೂರೆಂಟು ಉಂಗುರ

“ಮಷಿನ್ ಮ್ಯಾಲೆ ಇರೂತನಾ ಸಪಾಟ ಇರತೈತಿ, ಕೆಳಗ ಇಳಿಸಿದ ಕೂಡ್ಲೆ ಯಾಕ ಬಾಗತೈತಿ?”

ಯಲ್ಲೇಶ ಇದನ್ನು ಯಾರನ್ನೂ ಕೇಳಲಿಲ್ಲ. ಅವನ ಮುಂದೆ ಇದ್ದದ್ದು ಕಂಪ್ಯೂಟರ್ ಹೇಳಿದಂತೆ ಕೊರೆಯುವ ಸಿಎನ್‌ಸಿ ಮಷಿನ್ ಒಂದೇ. ಅದು ಕೆಲಸ ಮುಗಿಸಿ ಹಸಿರು ದೀಪ ಹಚ್ಚಿಕೊಂಡು, ಈ ವಿಷಯಕ್ಕೂ ತನಗೂ ಸಂಬಂಧವಿಲ್ಲ ಎಂಬಂತೆ ನಿಂತಿತ್ತು. ಅವನ ಕೈಯಲ್ಲಿ ಈಗಷ್ಟೇ ಕ್ಲಾಂಪು ಬಿಚ್ಚಿ ತೆಗೆದ ಹಲಗೆ. ಕೆನೆ ಬಣ್ಣದ ನೈಲಾನು, ಎರಡು ಗೇಣು ಉದ್ದ, ಮೇಲೆ ಸಾಲಾಗಿ ಕೊರೆದ ಸಣ್ಣ ಕಾಲುವೆಗಳು.

ಕೇಳದಿದ್ದರೂ ಉತ್ತರ ಬಂತು. “ಕೆಳಗ ಇಳಿಸಿದ ಕೂಡ್ಲೆ ಅಲ್ಲ, ನನ್ನ ಟೇಬಲ್ಲಿಗೆ ಬಂದ ಕೂಡ್ಲೆ ಅಂತ ಹೇಳ್ರಿ ಯಲ್ಲೇಶಣ್ಣ,” ಎಂದಳು ಪ್ರಮಿಳಾ. “ಬೈಯೂದಿದ್ರ ಹೆಸರು ಹಿಡದು ಬೈರಿ.”

ತಯಾರಾದ ಮಾಲನ್ನು ಅಳೆದು ಪಾಸು, ನಾಪಾಸು ಬರೆಯುವವಳು ಪ್ರಮಿಳಾ. ಅವಳ ಟೇಬಲ್ಲು ಕರಿಕಲ್ಲಿನದು, ನಿಂತ ನೀರಿನಷ್ಟು ಸಪಾಟು. ಕೆಲಸ ಇಲ್ಲದಾಗ ಅದಕ್ಕೆ ಹಾರ್ಮೋನಿಯಂ ಪೆಟ್ಟಿಗೆಗೆ ಹೊದಿಸುವಂಥ ಗವಸಣಿಗೆ ಹೊದಿಸಿರುತ್ತಾಳೆ. ಅದರ ಮೇಲೆ ಚಹಾದ ಕಪ್ಪು ಇಟ್ಟವರು ಆ ವಾರವೆಲ್ಲ ಅವಳ ಕೈಯಲ್ಲಿ ಪಾಸಾಗುವುದಿಲ್ಲ. ಹಲಗೆಯನ್ನು ಕಲ್ಲಿನ ಮೇಲಿಟ್ಟು, ಡಯಲ್ ಗೇಜಿನ ಮೊನೆಯನ್ನು ಅದರ ಮೇಲೆ ಮೆಲ್ಲಗೆ ಎಳೆದಳು. ಗಡಿಯಾರದಂಥ ಮುಖದ ಮೇಲೆ ಮುಳ್ಳು ಓಡಿತು. ಒಂದು ಗೆರೆಯೆಂದರೆ ಮಿಲಿಮೀಟರಿನ ನೂರರಲ್ಲಿ ಒಂದು ಪಾಲು. ಹತ್ತು ಗೆರೆಯವರೆಗೆ ಮಾಫಿ. ಮುಳ್ಳು ಅರವತ್ತಕ್ಕೆ ಹೋಗಿ ನಿಂತಿತು.

“ಮೊದಲನೇ ಸೆಟ್ಟಿಗೆ ಇಪ್ಪತ್ತೈದು ಇತ್ತು. ಎರಡನೇದಕ್ಕ ನಲವತ್ತು. ಈಗ ಅರವತ್ತು,” ಎಂದಳು. “ನಾವು ಕಲಕೋತ ಹೊಂಟೀವೋ, ಕಲತದ್ದನ್ನ ಮರಕೋತ ಹೊಂಟೀವೋ?”

“ಹೂಂ,” ಎಂದ ಯಲ್ಲೇಶ.

ಅದು ಅವನ ಮಾತು. ಅವನ ಊರು ಖಾನಾಪುರದ ಆಚೆ. ಕುರಿ ಸಾಕಿದ ಮನೆತನ. ಮೈಲಾರಲಿಂಗ ಎಂಬ ಅಜ್ಜ ಹುಣ್ಣಿಮೆಗೊಮ್ಮೆ ಕಂಬಳಿ ಹಾಸಿ ದೇವರ ಪದ ಹೇಳಲು ಕೂತರೆ, ಎದುರಿಗೆ ಒಬ್ಬರು ಕೂತು ಸಾಲಿಗೊಮ್ಮೆ ‘ಹೂಂ’ ಅನ್ನಬೇಕು. ಹೂಂ ಇಲ್ಲದೆ ಪದ ಮುಂದಕ್ಕೆ ಹೋಗುವುದಿಲ್ಲ. ಪದ ನಡೆದಾಗ ಯಾರಾದರೂ ನಡುವೆ ಬಾಯಿ ಹಾಕಿದರೆ ಕೇಳಲು ಬಂದ ದೇವರು ಎದ್ದು ಹೋಗುತ್ತಾನೆಂದು ಅಜ್ಜನ ಕಟ್ಟಳೆ. ಸೀನು ಬಂದರೂ ಹೊರಗೆ ಹೋಗಿ ಸೀನಿ ಬರಬೇಕು. ಆರನೆಯ ವಯಸ್ಸಿಗೆ ಹೂಂ ಅನ್ನುವ ಕೆಲಸ ಯಲ್ಲೇಶನ ಪಾಲಿಗೆ ಬಂತು. ಈಗ ಅವನಿಗೆ ಮೂವತ್ತನಾಲ್ಕು. ಅಜ್ಜ ಇಲ್ಲ, ಹೂಂ ಉಳಿದಿದೆ. ರವಿವಾರ ಬಾ ಎಂದರೆ ಹೂಂ, ಬೈಕು ಕೊಡು ಎಂದರೆ ಹೂಂ, ನಿನ್ನ ಡಬ್ಬಿಯ ಚಟ್ನಿ ಎಲ್ಲಾ ತಿಂದೆ ಎಂದರೂ ಹೂಂ. ಬೆಳಗಾವಿಯ ಉದ್ಯಮಬಾಗದಲ್ಲಿ ಅವನ ಬಾಯಿಂದ ‘ಇಲ್ಲ’ ಕೇಳಿದವರಿರಲಿಲ್ಲ.

ಕಾರಖಾನೆ ಸಣ್ಣದು, ಎರಡು ಫೌಂಡ್ರಿಗಳ ನಡುವೆ ಸಿಕ್ಕಿಕೊಂಡದ್ದು. ಮಾಲಕ ತ್ರ್ಯಂಬಕ. ಅವನ ತಂದೆಯ ಕಾಲದಿಂದ ಅಲ್ಲಿ ಬೀಡುಕಬ್ಬಿಣದ ಪಂಪುಗಳಿಗೆ ತೂತು ಕೊರೆದುಕೊಡುತ್ತಿದ್ದರು. ಬೀಡು ಇಟ್ಟಲ್ಲಿ ಇರುತ್ತದೆ, ಎಷ್ಟು ಬಿಗಿದರೂ ಬೇಸರಿಸುವುದಿಲ್ಲ. ಪ್ಲಾಸ್ಟಿಕ್ಕು ಹಾಗಲ್ಲ ಎಂಬುದು ಈ ಎರಡು ತಿಂಗಳಲ್ಲಿ ಎಲ್ಲರಿಗೂ ತಿಳಿದಿತ್ತು. ಮತ್ತೆ ಹೇಗೆ ಎಂಬುದು ತಿಳಿದಿರಲಿಲ್ಲ.

ಖಾನಾಪುರದಲ್ಲಿ ಭರಮಪ್ಪ ಎಂಬವರ ಗೋಡಂಬಿ ಕಾರಖಾನೆಯಿದೆ. ಅಲ್ಲಿ ಹೊಸದಾಗಿ ಹಾಕಿದ ಇಳಿಜಾರಿನ ಸಾಲಿನಲ್ಲಿ ಇಂಥ ಎಂಟು ನೈಲಾನು ಹಲಗೆಗಳು ಒಂದಕ್ಕೊಂದು ತಾಗಿ ಕೂರಬೇಕು, ಅವುಗಳ ಮೇಲೆ ಗೋಡಂಬಿ ಜಾರುತ್ತ ಹೋಗಬೇಕು. ಎಂಟರ ಮೇಲ್ಮೈಯೂ ಒಂದೇ ಸಮಕ್ಕಿರಬೇಕು. ಒಂದು ತುಸು ಮೇಲೆದ್ದರೂ ಇಡಿಯಾಗಿ ಬಂದ ಗೋಡಂಬಿ ಅಲ್ಲಿ ಎಡವಿ ಎರಡು ಹೋಳಾಗುತ್ತದೆ. ಎರಡನೆಯ ಸೆಟ್ಟು ನೋಡಿದ ಮೇಲೆ ಭರಮಪ್ಪ ಕಾಗದದ ಪೊಟ್ಟಣದಲ್ಲಿ ಬರೀ ಹೋಳುಗಳನ್ನು ಕಟ್ಟಿ ಕಳಿಸಿದ್ದರು. ಜೊತೆಗೆ ಪತ್ರ ಗಿತ್ರ ಏನೂ ಇರಲಿಲ್ಲ.

ಆ ಪೊಟ್ಟಣ ಬಂದ ದಿನ ತ್ರ್ಯಂಬಕ ಯಲ್ಲೇಶನನ್ನು ಕರೆದಿದ್ದ. “ನೋಡು, ಮುಂದಿನ ಶನಿವಾರ ಸರಿಯಾದ ಸೆಟ್ ಹೋಗಬೇಕು. ಹೋಗಲಿಲ್ಲಾ, ಸೋಮವಾರ ಪುಣೆಯಿಂದ ಒಬ್ಬ ಆಪರೇಟರ್ ಬರ್ತಾನ. ನೀ ಮತ್ತ ಡ್ರಿಲ್ ಮಷಿನ್ನಿಗೆ ಹೋಗು. ಸಿಟ್ಟಾಗಬ್ಯಾಡ.”

“ಹೂಂ ಸಾಹೇಬ್ರ,” ಎಂದಿದ್ದ ಯಲ್ಲೇಶ. ಎಂಟು ವರ್ಷ ಡ್ರಿಲ್ಲಿನ ಹಿಡಿಕೆ ಎಳೆದ ಮೇಲೆ ಸಿಕ್ಕಿದ್ದು ಈ ಮಷಿನ್ನು. ಸಿಕ್ಕ ದಿನ ಊರಿಗೆ ಫೋನು ಹಚ್ಚಿ, ಅವ್ವ ಸತ್ಯವ್ವನಿಗೆ ಏನೂ ಹೇಳದೆ ಅದು ಕೊರೆಯುವ ಸದ್ದನ್ನೇ ಕೇಳಿಸಿದ್ದ. ಅವ್ವ ಬಹಳ ಹೊತ್ತು ಕೇಳಿ, “ಒಳ್ಳೆ ದನಿ ಐತಿ,” ಎಂದಿದ್ದಳು.

ಪೊಟ್ಟಣ ಬಂದ ದಿನದಿಂದ ಅವನು ಮಾಡದ ಉಪಾಯವಿಲ್ಲ. ಹಲಗೆ ಕೂರುವ ಮಷಿನ್ನಿನ ಮಂಚದ ಮೇಲೆ ಮೂಲೆಯಿಂದ ಮೂಲೆಗೆ ಗೇಜು ಎಳೆದ, ಸಪಾಟೇ ಇತ್ತು. ಹೊಸ ಕಟರ್ ಹಾಕಿದ. ವೇಗ ಇಳಿಸಿದ, ಗಾಳಿ ಊದಿಸಿದ. ಇನ್ನೂ ಬಿಗಿಯಾಗಿ ಕ್ಲಾಂಪು ಹಾಕಿದ. ತ್ರ್ಯಂಬಕ ರಾತ್ರಿಯೆಲ್ಲ ಫೋನಿನಲ್ಲಿ ವಿಡಿಯೊ ನೋಡಿ ಬೆಳಗ್ಗೆ ಬಂದು ಹಿಂದಿನ ದಿನ ತಾನೇ ಹೇಳಿದ್ದಕ್ಕೆ ತಿರುವುಮುರುವು ಹೇಳುತ್ತಿದ್ದ. ಒಂದು ದಿನ ಮುಖ ತಿರುಗಿಸಿಕೊಂಡು ತಾಯಿ ಕಳಿಸಿದ ಒಂದು ನಿಂಬೆಹಣ್ಣು ಕೊಟ್ಟು, “ಆಯಿ ಕೊಟ್ಟಾಳ. ಕಟ್ಟಿಬಿಡು. ನನಗ ಇದರಾಗ ನಂಬಿಕಿ ಇಲ್ಲ, ಆದ್ರ ಗಟ್ಟಿ ಕಟ್ಟು,” ಎಂದ.

ಈಗ ಅರವತ್ತು ಗೆರೆ ಕಂಡ ಮೇಲೆ ಯಲ್ಲೇಶ ಇನ್ನೊಂದು ಹಲಗೆಯನ್ನು ಮಷಿನ್ನಿಗೆ ಏರಿಸಿ ನಾಲ್ಕೂ ಮೂಲೆಗೆ ಕ್ಲಾಂಪು ಬಿಗಿದು ಮೇಲ್ಮೈ ಕೊರೆದ. ಬಿಚ್ಚಲಿಲ್ಲ. “ಮೇಡಂ, ನಿಮ್ಮ ಗೇಜು ತಗೊಂಡು ಬರ್ರಿ. ನಿಮ್ಮ ಕೈಯಾರೆ ಅಳೀರಿ,” ಎಂದ. ಪ್ರಮಿಳಾ ಅಳೆದಳು. ಮೂರು ಗೆರೆ. ಅವಳ ಹುಬ್ಬು ಮೇಲೆ ಹೋಯಿತು.

“ಮೊನೀ ಅಲ್ಲೇ ನಡುವ ಇರ್ಲಿ. ತಗೀಬ್ಯಾಡ್ರಿ.”

ಅವನು ಒಂದು ಕ್ಲಾಂಪನ್ನು ಸಡಿಲಿಸಿದ. ಮುಳ್ಳು ಅಲುಗಿತು. ಎರಡನೆಯದು ಸಡಿಲಿಸಿದ, ಮುಳ್ಳು ಓಡಿತು. ನಾಲ್ಕನೆಯದು ಬಿಚ್ಚುವಷ್ಟರಲ್ಲಿ ಐವತ್ತೆಂಟು. ಹಲಗೆ ನಿದ್ದೆಯಿಂದ ಎದ್ದವರ ಹಾಗೆ ಮೈ ಮುರಿದು ತನ್ನ ಹಳೇ ಸೊಟ್ಟಕ್ಕೆ ಮರಳಿತ್ತು.

“ಅಂದ್ರ ನೀವೂ ಖರೇ, ನಾನೂ ಖರೇ,” ಎಂದಳು ಪ್ರಮಿಳಾ.

“ಹೂಂ.”

“ಹಂಗಾದ್ರ ಸುಳ್ಳು ಯಾರು?”

“ಹಲಗಿ,” ಎಂದ ಯಲ್ಲೇಶ. “ಅದು ಬರೂವಾಗನ ಬಾಗಿ ಬಂದಿರತೈತಿ. ನಾ ಅದನ್ನ ಅದುಮಿ ಹಿಡದು ಕೊರೀತೀನಿ. ಬಿಟ್ಟ ಕೂಡ್ಲೆ ತನ್ನ ಆಕಾರಕ್ಕ ತಾ ಹೊಕ್ಕೈತಿ. ಗಟ್ಟಿ ಬಿಗದಷ್ಟೂ ಜಾಸ್ತಿ.”

ಅವನು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ಪ್ರಮಿಳಾ ಅದೇ ಮೊದಲು ಕೇಳಿದ್ದು. ಕೂಡಲೇ ಹೋಗಿ, ಇನ್ನೂ ಕೊರೆಯದೆ ಉಳಿದಿದ್ದ ಒಂದೇ ಒಂದು ಹಲಗೆಯನ್ನು ತಂದು ಕಲ್ಲಿನ ಮೇಲಿಟ್ಟಳು. ಮೂಲೆ ಒತ್ತಿದರೆ ಅದು ತೊಟ್ಟಿಲಿನಂತೆ ತೂಗಿತು. ಮೊಬೈಲಿನ ಬೆಳಕನ್ನು ಓರೆಯಾಗಿ ಹಿಡಿದಳು. ಆಗ ಕಂಡವು ಉಂಗುರಗಳು. ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡವು, ಮಾಸಿದ ಗುರುತು, ನಡುವೆ ಒಂದೊಂದು ಚುಕ್ಕೆ. ಸಾಲು ತಪ್ಪದೆ ಒಂಬತ್ತು ಸಾಲು, ಸಾಲಿಗೆ ಹನ್ನೆರಡು.

“ನೂರೆಂಟು,” ಎಂದಳು ಪ್ರಮಿಳಾ.

“ಮೇಡಂ, ಇನ್ನೊಂದು ಮಾತು. ನಗಬ್ಯಾಡ್ರಿ. ಮ್ಯಾಲಿನ ಪದರ ಕೊರೆಯೂವಾಗ ಜೀರಿಗಿ ವಾಸನಿ ಬರತೈತಿ.”

ಪ್ರಮಿಳಾ ನಕ್ಕಳು. “ನೈಲಾನ್ ಎಲ್ಲೆರ ಜೀರಿಗಿ ನಾರತೈತೇನ್ರಿ? ನೀವು ಮನಿಗೆ ಹೋಗಿ ಊಟಾ ಮಾಡ್ರಿ ಮೊದಲ.”

ತ್ರ್ಯಂಬಕನಿಗೆ ಉಂಗುರಗಳನ್ನು ತೋರಿಸಿದಾಗ ಅವನ ಮುಖ ಅರಳಿತು. ಹಲಗೆ ಬರುವುದು ಪುಣೆಯಿಂದ, ತಪ್ಪು ಅಲ್ಲಿದೆ ಎಂದರೆ ಬೆಳಗಾವಿಯಲ್ಲಿಲ್ಲ ಎಂದಾಯಿತು. ಹಲಗೆಯ ಮೇಲೆ ಅಳತೆಪಟ್ಟಿ ಇಟ್ಟು ಫೋಟೊ ತೆಗೆದು, ಮಾಲು ಕಳಿಸುವವರಿಗೆ ಮೂರು ಇಮೇಲು ಬರೆದ: ನಿಮ್ಮ ಅಚ್ಚಿನಲ್ಲಿ ದೋಷವಿದೆ, ನೂರೆಂಟು ಕಡೆ ಇದೆ, ಎಣಿಸಿದ್ದೇವೆ. ಅವರಿಂದ ಮರುದಿನ ಒಂದೇ ಸಾಲು ಬಂತು. ನಮ್ಮಲ್ಲಿ ಅಚ್ಚೇ ಇಲ್ಲ, ದೊಡ್ಡ ಗಡ್ಡೆಯಿಂದ ಗರಗಸದಲ್ಲಿ ಸೀಳಿ ಕಳಿಸುತ್ತೇವೆ.

“ಸುಳ್ಳು ಹೇಳ್ತಾರ,” ಎಂದ ತ್ರ್ಯಂಬಕ. “ಯಲ್ಲೇಶಾ, ಮನ್ಯಾಗ ಇನ್ನೂ ಆರು ಹಲಗಿ ಅವ. ನಾಕು ತಗೊಂಡು ಬಾ. ಟೆಂಪೋದಾಂವ ಇವತ್ತ ರಜಾ.”

ತ್ರ್ಯಂಬಕನ ಮನೆ ಅನಗೋಳದಲ್ಲಿ. ಪುಣೆಯ ಲಾರಿ ಬೆಳಗಿನ ಜಾವ ಬರುತ್ತದೆ, ಆಗ ಕಾರಖಾನೆಗೆ ಬೀಗ. ಹೀಗಾಗಿ ಹಲಗೆಗಳನ್ನು ಮನೆಯಲ್ಲೇ ಇಳಿಸಿ ಹೋಗುತ್ತಾರೆ, ಆಮೇಲೆ ಬೇಕಾದಂತೆ ತರಿಸಿಕೊಳ್ಳುತ್ತಾರೆ. ಮಂಗಳವಾರ ಮುಂಜಾನೆ ಹತ್ತರ ಬಿಸಿಲಿನಲ್ಲಿ ಯಲ್ಲೇಶ ಬೈಕು ನಿಲ್ಲಿಸಿದಾಗ ಬಾಗಿಲು ತೆರೆದೇ ಇತ್ತು, ಒಳಗೆ ಯಾರೂ ಇರಲಿಲ್ಲ. ಮಾಳಿಗೆಯ ಮೇಲಿನಿಂದ ಒಂದು ದನಿ ಬರುತ್ತಿತ್ತು. ಹೆಣ್ಣುದನಿ, ವಯಸ್ಸಾದದ್ದು, ಏರಿಳಿತವಿಲ್ಲದೆ ಒಂದೇ ಹದದಲ್ಲಿ ದೇವರ ನಾಮ ಹೇಳುತ್ತಿತ್ತು. ಅವನ ಕಾಲುಗಳು ತಾವಾಗಿಯೇ ಮೆಟ್ಟಿಲು ಹತ್ತಿದವು.

ಮಾಳಿಗೆಯ ಮೇಲೆ ತ್ರ್ಯಂಬಕನ ತಾಯಿ ಶುಭದಾಬಾಯಿ, ಒದ್ದೆ ಮಡಿಸೀರೆಯಲ್ಲಿ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದರು. ಬಾಜೂಕೆ ಹಬೆಯಾಡುವ ಅಕ್ಕಿ ಹಿಟ್ಟಿನ ಪಾತ್ರೆ. ಮುಂದೆ, ಎರಡು ಮಣೆಗಳ ಮೇಲೆ, ಅವನ ನೈಲಾನು ಹಲಗೆ.

ಒಂದು ನಾಮ ಹೇಳಿ, ಒಂದು ಚಮಚ ಹಿಟ್ಟು ಇಟ್ಟು, ಹೆಬ್ಬೆರಳಿನಿಂದ ನಡುವೆ ಒಂದು ಗುಳಿ ಒತ್ತುತ್ತಿದ್ದರು. ಮತ್ತೆ ಒಂದು ನಾಮ, ಒಂದು ಚಮಚ, ಒಂದು ಹೆಬ್ಬೆರಳು. ಸಂಡಿಗೆಗಳು ಸಾಲು ತಪ್ಪದೆ ಕೂರುತ್ತಿದ್ದವು. ಹಿಟ್ಟಿನಲ್ಲಿ ಜೀರಿಗೆ ಕಾಣುತ್ತಿತ್ತು.

‘ಬಾಯಾರ, ಅದು ನಮ್ಮ ಹಲಗಿ’ ಎನ್ನಲು ಯಲ್ಲೇಶ ಬಾಯಿ ತೆರೆದ. ಆದರೆ ನಾಮ ನಡೆದಿತ್ತು. ನಡೆದ ನಾಮವನ್ನು ಕಡಿಯುವುದು ಹೇಗೆ? ಅಜ್ಜನ ಕಂಬಳಿ ಕಣ್ಣೆದುರು ಬಂತು. ತೆರೆದ ಬಾಯಿಂದ ಏನಾದರೂ ಹೊರಡಲೇಬೇಕಿತ್ತು.

“ಹೂಂ,” ಎಂದ.

ಶುಭದಾಬಾಯಿ ತಿರುಗಲಿಲ್ಲ. ಎಡಗೈ ಎತ್ತಿ, ಕೂಡು ಎಂದು ಸನ್ನೆ ಮಾಡಿದರು. ಅವನು ಚಪ್ಪಲಿ ಕಳಚಿ ಕೂತ. ಮುಂದಿನ ನಾಮಕ್ಕೂ ಹೂಂ ಬಂತು, ಅದರ ಮುಂದಿನದಕ್ಕೂ. ಎರಡನೆಯ ಸಾಲಿಗೆ ಅವನಿಗೆ ಹಲಗೆ ಏಕೆ ಬಾಗುತ್ತದೆಂದು ಅರ್ಥವಾಯಿತು: ಮೇಲೆ ಒದ್ದೆ ಹಿಟ್ಟು, ಅದರ ಮೇಲೆ ಏಪ್ರಿಲ್ಲಿನ ಬಿಸಿಲು, ಕೆಳಗೆ ಒಣ ನೆರಳು. ನಾಲ್ಕನೆಯ ಸಾಲಿಗೆ ಸೋಮವಾರ ಬರುವ ಪುಣೆಯ ಆಪರೇಟರ್ ನೆನಪಾದ. ಆರನೆಯ ಸಾಲಿಗೆ ಡ್ರಿಲ್ಲಿನ ಹಿಡಿಕೆ ನೆನಪಾಯಿತು. ಆದರೂ ಒಂದು ಹೂಂ ತಪ್ಪಲಿಲ್ಲ. ತನ್ನ ಮಾಲು ತನ್ನ ಕಣ್ಣೆದುರೇ ಕೆಡುತ್ತಿರುವುದನ್ನು ನೂರೆಂಟು ಸಲ ಒಪ್ಪಿಕೊಂಡು ಕೂತ.

ಕೊನೆಯ ಸಂಡಿಗೆ ಇಟ್ಟು ಕೈ ಮುಗಿದು ಶುಭದಾಬಾಯಿ ತಿರುಗಿದರು. “ಎಷ್ಟು ಚಂದ ಹೂಂ ಅಂತೀಯೋ ಬಾಳಾ. ಯಾರು ನೀ?”

“ಕಾರಖಾನಿಯಾಂವ್ರೀ ಬಾಯಾರ. ಯಲ್ಲೇಶ.”

“ನಮ್ಮ ಮನ್ಯಾಗ ಕೇಳಾವರು ಯಾರೂ ಇಲ್ಲ. ತ್ರ್ಯಂಬಕ ಕಿವಿಯೊಳಗ ಅದೇನೋ ಸಿಗಿಸಿಕೊಂಡು ಅಡ್ಡಾಡ್ತಾನ, ನಾ ಕರದ್ರ ಪುಣೆಯವರಿಗೆ ಉತ್ತರಾ ಕೊಡ್ತಾನ. ಕೂಡು, ಇನ್ನೊಂದು ಹಲಗಿ ಅದ.”

“ಹೂಂ,” ಎಂದುಬಿಟ್ಟ ಯಲ್ಲೇಶ. ಇನ್ನೊಂದು ಹಲಗೆಯೂ ಆಯಿತು.

ಆಮೇಲೆ ಅವನು ಧೈರ್ಯ ಮಾಡಿ, “ಬಾಯಾರ, ಈ ಹಲಗಿ ಮ್ಯಾಲೇ ಯಾಕ್ರೀ?” ಎಂದು ಕೇಳಿದ.

“ಯಾಕಂದ್ರ? ಇದರಂಥಾ ಮಡೀ ಹಲಗಿ ಎಲ್ಲಿ ಸಿಗ್ತದ? ಕಟ್ಟಿಗಿದಂದ್ರ ಎಣ್ಣಿ ಕುಡೀತದ, ಬಟ್ಟಿಗೆ ಹಿಟ್ಟು ಅಂಟತದ. ಇದು ಯಾರೂ ಬಳಸಿಲ್ಲ, ಬೆಳ್ಳಗದ, ಸಂಡಿಗಿ ಪಟ್ಟನ ಬಿಡ್ತದ. ಆದ್ರ ಲಾರಿಯೊಳಗ ಬಂದದ್ದು, ಏನೇನು ಮುಟ್ಟಿರ್ತದೋ. ಅದಕ್ಕ ಮೊದಲ ನೀರಿನ ತೊಟ್ಟಿಯೊಳಗ ಮುಳುಗಿಸಿ ಇಡ್ತೇನಿ.”

“ಎಷ್ಟು ಹೊತ್ತರೀ?”

“ಮೊದಲನೇ ಸಲ ಒಂದು ತಾಸು ಇಟ್ಟಿದ್ದೆ. ಊಟಕ್ಕ ಕೂತಾಗ ತ್ರ್ಯಂಬಕ, ಆಯಿ, ಹಲಗಿ ಕೆಟ್ಟು ಅಂದಾ. ನನಗ ಗಾಬರಿ ಆತು. ಎರಡನೇ ಸಲ ಇಡೀ ದಿವಸ ನೆನಸಿದೆ. ಮತ್ತ ಕೆಟ್ಟು ಅಂದಾ. ಈ ಸಲ ಮೂರು ದಿವಸ.” ಅವರು ಒಣಗುತ್ತಿದ್ದ ಸಂಡಿಗೆಯ ಕಡೆ ಕೈ ತೋರಿಸಿದರು. “ಸಂಡಿಗಿ ಒಂದು ನೆಪ ಅಂತ ತಿಳಕೋ. ಅವನ ಧಂದೇದ ಹಲಗಿ ಮ್ಯಾಲೆ ನೂರೆಂಟು ನಾಮ ಬೀಳಲಿ ಅಂತ ಮಾಡ್ತೇನಿ. ಇನ್ನೂ ಕೆಡ್ತಾವಂದ್ರ ಮುಂದಿನ ಸಲ ಎಂಟು ದಿವಸ ನೆನಸಿ, ಎರಡೂ ಮಗ್ಗಲಿಗೆ ಹೇಳ್ತೇನಿ.”

ಯಲ್ಲೇಶ ಸಾಹೇಬ್ರು ತರಹೇಳಿದ ಹಲಗೆಗಳನ್ನು ಕೇಳಿದ.

ಹಿಂದಿನ ವಾರ ನೆನೆಸಿ ಒಣಗಿಸಿ ಒರೆಸಿಟ್ಟ ನಾಲ್ಕು ಹಲಗೆಗಳನ್ನು ಅವರು ಬಾಗಿಲ ಹಿಂದಿನಿಂದ ತೆಗೆದುಕೊಟ್ಟರು. ಮೇಲೆ ಒಂದು ಡಬ್ಬಿ ಒಣಸಂಡಿಗೆ. “ಮನ್ಯಾಗ ಕರದು ತಿನ್ರಿ. ಸೋಮವಾರ ಮುಂಜಾನೆ ಬಾ, ಹೂಂ ಅನ್ನಾಕ.”

“ಹೂಂ ಬಾಯಾರ.”

ಬೈಕಿನ ಹಿಂದೆ ಹಲಗೆ ಕಟ್ಟಿಕೊಂಡು ಬರುವಾಗ ಅವನು ಮಾತು ಜೋಡಿಸಿಕೊಂಡ. ‘ಸಾಹೇಬ್ರ, ನಿಮ್ಮ ತಾಯಿಯವರು...’ ಅಲ್ಲಿಂದ ಮುಂದೆ ಹೋಗಲಿಲ್ಲ. ಕಾರಖಾನೆಯಲ್ಲಿ ತ್ರ್ಯಂಬಕ ಫೋನಿನಲ್ಲಿ ಪುಣೆಯವರನ್ನು ಬೈಯುತ್ತಿದ್ದ. “ನಿಮ್ಮಲ್ಲಿ ಯಾರೋ ಬೇಜವಾಬ್ದಾರಿ ಮನುಷ್ಯಾರು ಅದಾರ. ಅಂಥಾವರನ್ನ ಮೊದಲ ಮನಿಗೆ ಕಳಸ್ರಿ.” ಯಲ್ಲೇಶ ಹಲಗೆ ಇಳಿಸಿ, ಜೋಡಿಸಿಕೊಂಡ ಮಾತನ್ನು ನುಂಗಿದ.

ಪ್ರಮಿಳಾಗೆ ಮಾತ್ರ ಹೇಳಿದ. ಅವಳು ನಗು ತಡೆಯಲಾಗದೆ ಗವಸಣಿಗೆಯನ್ನೇ ಬಾಯಿಗೆ ಹಿಡಿದುಕೊಂಡಳು. “ನೀವೂ ಕುಂತು ಎರಡು ಹಲಗಿ ಹೂಂ ಅಂದ್ರಾ?”

“ನಡುವ ಹ್ಯಾಂಗ ಕಡೀಲಿ?”

“ಕಡಿಯಬ್ಯಾಡ್ರಿ. ಡ್ರಿಲ್ ಮಷಿನ್ನಿಗೆ ವಾಪಸ್ ಹೋಗ್ರಿ,” ಎಂದಳು. ನಗು ನಿಲ್ಲಿಸಿ, “ಮುಂದ?”

ಮುಂದಿನದನ್ನು ಅವನು ದಾರಿಯಲ್ಲೇ ಯೋಚಿಸಿದ್ದ. ಬಾಗಿದ್ದನ್ನು ಅದುಮಿ ನೇರ ಮಾಡಹೋದದ್ದೇ ತಪ್ಪು. ಬುಧವಾರ ಅದನ್ನು ಅದು ಹೇಗೆ ಕೂರುತ್ತದೋ ಹಾಗೆಯೇ ಕೂರಿಸಿ, ಕೆಳಗೆ ಎಲ್ಲಿ ಸಂದಿಯಿದೆಯೋ ಅಲ್ಲಿ ತೆಳು ತಗಡಿನ ಪಟ್ಟಿ ತುರುಕಿ, ಅಲುಗಾಡದಷ್ಟೇ ಹಗುರವಾಗಿ ಕ್ಲಾಂಪು ಹಾಕಿದ. ಮೇಲಿನ ಉಬ್ಬನ್ನು ಮಾತ್ರ ತೆಳ್ಳಗೆ ಕೊರೆದ. ಜೀರಿಗೆಯ ವಾಸನೆ ಬಂತು. ಈ ಸಲ ಪ್ರಮಿಳಾಗೂ ಬಂತು. ತಿರುವಿ ಹಾಕಿ ಇನ್ನೊಂದು ಮಗ್ಗುಲನ್ನು ಅಷ್ಟೇ ತೆಳ್ಳಗೆ ಕೊರೆದ. ಆಮೇಲೆ ಎರಡೂ ಕಡೆ ಗಾಳಿಯಾಡುವಂತೆ ಅಂಚಿನ ಮೇಲೆ ನಿಲ್ಲಿಸಿ ಇಪ್ಪತ್ತನಾಲ್ಕು ತಾಸು ಸುಮ್ಮನೆ ಬಿಟ್ಟ. ಹಲಗೆ ಮತ್ತೆ ತುಸು ಬಾಗಿತ್ತು, ಆದರೆ ಮೊದಲಿನ ಅರ್ಧದಷ್ಟೂ ಇಲ್ಲ. ಗುರುವಾರ ಮತ್ತೆ ಹಾಗೆಯೇ, ಎರಡೂ ಮಗ್ಗುಲು. ಶುಕ್ರವಾರ ಕೊನೆಯ ಕೈ, ಆಮೇಲೆ ಕಾಲುವೆ. ಕೊರೆಯುವಾಗ ಅವನು ಕಣ್ಣು ಮುಚ್ಚಿ ಸದ್ದು ಕೇಳುತ್ತಿದ್ದ. ಇಷ್ಟು ದಿನ ಕಟರು ನಡುವೆ ಬಂದಾಗ ದನಿ ದಪ್ಪವಾಗುತ್ತಿತ್ತು. ಈಗ ಈ ತುದಿಯಿಂದ ಆ ತುದಿಗೆ ಒಂದೇ ಹದ.

ನಾಲ್ಕು ಹಲಗೆಗಳನ್ನು ನಡುವೆ ಸೀಳಿ ಎಂಟು ತುಂಡು. ಪ್ರಮಿಳಾ ಕಲ್ಲಿನ ಮೇಲೆ ಒಂದೊಂದನ್ನೂ ಎರಡೆರಡು ಸಲ ಅಳೆದಳು. ಆರು ಗೆರೆ, ಎಂಟು, ಐದು, ಏಳು. ಒಂದು ಒಂಬತ್ತೂವರೆ ಇತ್ತು, ಅದನ್ನು ಅವಳು ಮೂರನೆಯ ಸಲ ಅಳೆದು, “ಪಾಸ್. ಇದಕ್ಕ ಮಾತ್ರ ಬಾಯಾರ ಸಂಡಿಗಿ ಒಂದು ಮುಷ್ಟಿ ನನಗ ಕೊಡ್ರಿ,” ಎಂದಳು.

ಶನಿವಾರ ತ್ರ್ಯಂಬಕನ ಕಾರಿನಲ್ಲಿ ಇಬ್ಬರೂ ಖಾನಾಪುರಕ್ಕೆ ಹೋದರು. ದಾರಿಯುದ್ದಕ್ಕೂ ತ್ರ್ಯಂಬಕ ಪುಣೆಯ ಆಪರೇಟರಿನ ಗುಣಗಾನ ಮಾಡುತ್ತಿದ್ದ. ಯಲ್ಲೇಶ ಮಡಿಲಲ್ಲಿ ಸಂಡಿಗೆಯ ಡಬ್ಬಿ ಹಿಡಿದು ಹೂಂ ಅನ್ನುತ್ತಿದ್ದ.

ಭರಮಪ್ಪ ಬಾಗಿಲಲ್ಲೇ ನಿಂತಿದ್ದರು. “ಬರ್ರಿ ತ್ರ್ಯಂಬಕರಾವ್. ಹೋದ ಸಲ ನಿಮ್ಮ ಹಲಗಿ ಮ್ಯಾಲೆ ನಮ್ಮ ಗೋಡಂಬಿ ಸ್ಪೀಡ್ ಬ್ರೇಕರ್ ಮ್ಯಾಲೆ ಬಸ್ ಹೋದಂಗ ಹೋತು. ಕುಂತಾವರೆಲ್ಲಾ ಎರಡು ಹೋಳು. ಇವತ್ತ ಏನು ತಂದೀರಿ?”

“ಇವತ್ತ ಹೈವೇ ತಂದೀವ್ರಿ,” ಎಂದ ತ್ರ್ಯಂಬಕ. ಅವನ ನಗುವಿನಲ್ಲಿ ಧೈರ್ಯವಿರಲಿಲ್ಲ.

ಎಂಟೂ ಹಲಗೆಗಳನ್ನು ಸಾಲಿನಲ್ಲಿ ಕೂರಿಸಿ ಬೋಲ್ಟು ಹಾಕಿದ ಮೇಲೆ ಭರಮಪ್ಪ ಅಂಗಿಯ ಜೇಬಿನಿಂದ ಒಂದೇ ಒಂದು ಗೋಡಂಬಿ ತೆಗೆದರು. ಬಿಳಿಯದು, ದೊಡ್ಡದು, ತುಸು ಬಾಗಿ ಕೂತ ಅಜ್ಜನಂತಿತ್ತು. ಮೊದಲನೆಯ ಹಲಗೆಯ ಮೇಲಿಟ್ಟು ಬೆರಳಿನಿಂದ ತಟ್ಟಿದರು. ಮೂವರೂ ಬಗ್ಗಿದರು. ಗೋಡಂಬಿ ಒಂದನೆಯದು ದಾಟಿತು, ಎರಡನೆಯದು ದಾಟಿತು. ಐದನೆಯದರ ಮೇಲೆ ಯಾಕೋ ಮೆಲ್ಲಗಾಯಿತು. ಅದು ಒಂಬತ್ತೂವರೆ ಗೆರೆಯದು ಎಂಬುದು ಯಲ್ಲೇಶನಿಗೆ ಗೊತ್ತಿತ್ತು. ಗೋಡಂಬಿ ಒಮ್ಮೆ ಹೊರಳಿ, ಮಗ್ಗುಲು ಬದಲಿಸಿ, ಆರು, ಏಳು, ಎಂಟು ದಾಟಿ ತುದಿಯಲ್ಲಿದ್ದ ಬುಟ್ಟಿಗೆ ಬಿತ್ತು. ಭರಮಪ್ಪ ಅದನ್ನು ಎತ್ತಿ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಇಡಿಯಾಗಿತ್ತು. ಅದನ್ನು ಯಲ್ಲೇಶನ ಕೈಗೆ ಕೊಟ್ಟು, “ತಿನ್ನಪಾ,” ಎಂದರು.

ಒಂದು ಚೀಲ ಓಡಿಸಿ ನೋಡಿದ ಮೇಲೆ ಇನ್ನೂ ಹತ್ತು ಸೆಟ್ಟು ಬೇಕೆಂದರು. ತ್ರ್ಯಂಬಕ ಅಂಗಳಕ್ಕೆ ಬಂದು ಅಲ್ಲಿಂದಲೇ ಪುಣೆಗೆ ಫೋನು ಹಚ್ಚಿ, ಆಪರೇಟರ್ ಬರುವುದು ಬೇಡ, ನಮ್ಮಲ್ಲಿ ಇದ್ದಾನೆ ಎಂದ. ಆ ‘ಇದ್ದಾನೆ’ ಕೇಳಿ ಯಲ್ಲೇಶ ಬಾಯಲ್ಲಿದ್ದ ಗೋಡಂಬಿಯನ್ನು ಬಹಳ ಹೊತ್ತು ಅಗಿದ.

“ಅಂದ್ರ ನನ್ನ ಇಮೇಲಿನಿಂದ ಕೆಲಸ ಆತು,” ಎಂದ ತ್ರ್ಯಂಬಕ ಫೋನು ಇಳಿಸುತ್ತ. “ಅಚ್ಚು ಸರಿ ಮಾಡ್ಯಾರ ನೋಡು. ಸುಳ್ಳರು, ಒಪ್ಪಿಕೊಳ್ಳೂದಿಲ್ಲ. ಸೋಮವಾರ ಮೊದಲ ಇಪ್ಪತ್ತು ಹಲಗಿ ಬರ್ತಾವ.”

ಇಪ್ಪತ್ತು ಎಂಬುದು ಯಲ್ಲೇಶನ ಕಿವಿಗೆ ಬಿತ್ತು. ಎಂಟು ದಿನ ನೀರಿನಲ್ಲಿ ನೆನೆಯುವುದು, ಎರಡೂ ಮಗ್ಗುಲಿಗೆ ನಾಮ. ಇನ್ನು ಸುಮ್ಮನಿದ್ದರೆ ಸಿಕ್ಕ ಮಷಿನ್ನು ಮತ್ತೆ ಹೋಗುತ್ತದೆ.

“ಸಾಹೇಬ್ರ, ಆ ಉಂಗರದ ಫೋಟೋ ತಗೀರಿ. ದೊಡ್ಡದು ಮಾಡ್ರಿ. ಅಳತಿಪಟ್ಟಿ ಖರೇ ಅಳತಿಗೆ ಬರೂತನಾ.”

ತ್ರ್ಯಂಬಕ ಗೊಂದಲದಿಂದಲೇ ಫೋಟೊ ದೊಡ್ಡದು ಮಾಡಿದ. ಯಲ್ಲೇಶ ಡಬ್ಬಿ ತೆಗೆದು ಒಂದು ಒಣಸಂಡಿಗೆಯನ್ನು ಫೋನಿನ ಮೇಲೆ, ಒಂದು ಉಂಗುರದೊಳಗೆ ಇಟ್ಟ. ಅಂಚಿಗೆ ಅಂಚು ಕೂತಿತು. ನಡುವಿನ ಗುಳಿ ಚುಕ್ಕೆಯ ಮೇಲೆ ಕೂತಿತು. ಆ ಗುಳಿ ತುಸು ಎಡಕ್ಕೆ ವಾಲಿತ್ತು. ಹುಟ್ಟಿದಾಗಿನಿಂದ ಆ ಹೆಬ್ಬೆರಳಿನ ಸಂಡಿಗೆ ತಿಂದವನಿಗೆ ಮತ್ತೇನೂ ಹೇಳಬೇಕಾಗಿರಲಿಲ್ಲ. ಆದರೂ ಯಲ್ಲೇಶ ಹೇಳಿದ. ತೊಟ್ಟಿಯಿಂದ ಹಿಡಿದು ಎಂಟು ದಿವಸದವರೆಗೆ ಎಲ್ಲಾ ಹೇಳಿದ.

ತ್ರ್ಯಂಬಕ ಯಲ್ಲೇಶನ ಕೈಯಿಂದ ಡಬ್ಬಿ ತೆಗೆದುಕೊಂಡು ಸಂಡಿಗೆಯನ್ನು ಅದರಲ್ಲಿಟ್ಟ. “ಬೇಜವಾಬ್ದಾರಿ ಮನುಷ್ಯಾರು ಅಂತ ಬೈದೇನಿ ಪುಣೆಯವರಿಗೆ,” ಎಂದ. “ಮನಿಗೆ ಕಳಸ್ರಿ ಅಂದೇನಿ.”

“ಲಾರಿ ಸೀದಾ ಕಾರಖಾನಿಗೆ ತರಸ್ರಿ ಸಾಹೇಬ್ರ. ಬೆಳಗಿನ ಜಾವ ನಾ ಬಂದು ಬೀಗ ತಗೀತೀನಿ.”

“ತರಸಬಹುದೋ. ಆದ್ರ ‘ನನ್ನ ಹಲಗಿ ಎಲ್ಲಿ’ ಅಂತ ಆಯಿ ಕೇಳ್ತಾಳಲ್ಲಾ, ಅವಾಗ ಏನ ಹೇಳ್ಲಿ? ನಿನ್ನ ನಾಮದಿಂದನ ಕೆಟ್ಟು ಅಂತ ಹೇಳ್ಲಿ?”

“ನಾಮದಿಂದ ಅಲ್ರೀ, ನೀರಿನಿಂದ.”

“ಅದನ್ನ ಆಕಿಗೆ ಬಿಡಿಸಿ ಹೇಳಾವರು ಯಾರು? ಅಪ್ಪ ಹೋದ ಮ್ಯಾಲೆ ಆ ಮನ್ಯಾಗ ಯಾರೂ ಆಯಿಗೆ ಬ್ಯಾಡ ಅಂದಿಲ್ಲ. ಇದ್ದಾಗೂ ಯಾರೂ ಅಂದಿದ್ದಿಲ್ಲ.” ತ್ರ್ಯಂಬಕ ಡಬ್ಬಿಯ ಮುಚ್ಚಳ ಹಾಕಿದ. ಆಮೇಲೆ ಅವನ ಮುಖದಲ್ಲಿ ಒಂದು ಬೆಳಕು ಮೂಡಿತು. ಯಲ್ಲೇಶನ ಹೆಗಲ ಮೇಲೆ ಕೈ ಹಾಕಿದ. ಅವರ ಪರಿಚಯದ ಎಂಟು ವರ್ಷಗಳಲ್ಲಿ ಆ ಕೈ ಅಲ್ಲಿಗೆ ಬಂದದ್ದು ಅದೇ ಮೊದಲು. “ನೀ ಸೋಮವಾರ ಹೆಂಗೂ ಹೊಂಟೀ. ಹೂಂ ಅನ್ನಾಂವ ಅಂದ್ರ ಆಕಿಗೆ ಭಾಳ ಪ್ರೀತಿ. ನಾಮ ಮುಗಿದ ಮ್ಯಾಲೆ, ಮೆತ್ತಗ, ಇನ್ನ ಮ್ಯಾಲೆ ಈ ಹಲಗಿ ಮುಟ್ಟಬ್ಯಾಡ್ರಿ ಅಂತ ನೀನ ಒಂದು ಮಾತು ಹೇಳಿಬಿಡು. ಮಷಿನ್ ನಿಂದ, ಕೆಲಸ ನಿಂದ. ಏನ್ ಬೇಕಾದ್ರೂ ಕೇಳು. ಇದೊಂದು ಮಾಡು. ಹೂಂ ಅನ್ನು.”

ಒಳಗೆ ಗೋಡಂಬಿ ಎಂಟು ಹಲಗೆಗಳ ಮೇಲೆ ಒಂದೇ ಹದದಲ್ಲಿ ಜಾರುತ್ತಿತ್ತು. ಯಲ್ಲೇಶ ಮಾಲಕನ ಕೈಯಿಂದ ಡಬ್ಬಿಯನ್ನು ತೆಗೆದುಕೊಂಡ.

“ಊಹೂಂ,” ಎಂದ. “ಅದನ್ನ ನಾ ಹೇಳಂಗಿಲ್ಲ, ಸಾಹೇಬ್ರ.”